ಜಹೀರಾಬಾದಿನ ಅಂಬಲಿ

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿಹೋದ ಕತೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾದುದಲ್ಲ. ಅದೇ ದಿನ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರದ ಪಾಲಾದುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಈಗ ತೆಲಂಗಾಣದಲ್ಲಿರುವ ಆ ಜಹೀರಾಬಾದಿನ ಸುತ್ತಿನ ಬಡ ಹೆಂಗಸರು ಕೊರೋನಾ ಕಾಲದಲ್ಲಿ ಮಾಡಿದ ಕೆಲಸವೊಂದನ್ನು ನಾವು ತಿಳಿಯಬೇಕಾಗಿದೆ.

2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಅಕ್ಕಿ, ತರಕಾರಿಯ ಲಾರಿ ಬಂದೀತೇ ಎಂದು ನಾವು ಕಂಗಾಲಾಗಿದ್ದೆವು. ಅತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳವರು, ಬಹುಪಾಲು ದಲಿತ ಕುಟುಂಬಗಳವರು, ಹಸಿದವರಿಗಾಗಿ ಜಿಲ್ಲೆಯ ಪರಿಹಾರ ಕಾರ್ಯಕ್ಕೆ ಮನೆಗೆ 10 ಕಿಲೋದಂತೆ ಧಾನ್ಯ ಕೊಟ್ಟರು. ಜಹೀರಾಬಾದ್ ಪೇಟೆಯಲ್ಲಿ ಆರೋಗ್ಯ ಸಿಬ್ಬಂದಿ, ಪೌರಕಾರ್ಮಿಕರು, ಪೊಲೀಸರಿಗೆ ದಿನಕ್ಕೆ 1000 ಲೋಟ ಅಂಬಲಿ ಹಂಚಿದರು.

ಒಂದು ಕಾಲಕ್ಕೆ ತಾವೇ ಕೂಲಿ ಸಿಗದ ದಿನ ಉಪವಾಸವಿದ್ದವರಿಗೆ ಕೊಡಲು ಧಾನ್ಯವೆಲ್ಲಿಂದ ಬಂತು?

1983ರಲ್ಲಿ ಆಂಧ್ರ ಸರಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಡತೊಡಗಿತು. ಒಳ್ಳೆಯದೇ ಆಯಿತು, ಆದರೆ ಅಕ್ಕಿ ಅಗ್ಗವಾದಾಗ ಜೋಳದ ಹೊಲವನ್ನು ಯಾರು ಉತ್ತಾರು? ಬಡವರ ಕಲ್ಲು ನೆಲ ಬೀಳುಬಿತ್ತು. ಅದೇ ವರ್ಷ ಹುಟ್ಟಿದ ಆ ಸೊಸೈಟಿ, 1990ರ ದಶಕದಲ್ಲಿ ಬೀಳು ಹೊಲ ಉಳಲು ಸಾಲ ಕೊಟ್ಟಿತು. ಸಾಲವನ್ನು ಹಣವಾಗಿ ಅಲ್ಲ, ಜೋಳವಾಗಿ ತೀರಿಸಬೇಕು. ಆ ಜೋಳವನ್ನು ಹಳ್ಳಿಯಲ್ಲೇ ಕೂಡಿಟ್ಟು, ಕಷ್ಟದ ತಿಂಗಳುಗಳಲ್ಲಿ ಬಡವರಿಗೆ ಪೇಟೆಗಿಂತ ಕಡಿಮೆ ದರದಲ್ಲಿ ಮಾರುವುದು. ಯಾರು ಹೆಚ್ಚು ಬಡವರೆಂದು ಗೊತ್ತುಮಾಡಿದವರು ಆಫೀಸಿನ ಗುಮಾಸ್ತರಲ್ಲ. ಊರವರೇ ನೆಲದ ಮೇಲೆ ಹಳ್ಳಿಯ ನಕ್ಷೆ ಬಿಡಿಸಿ, ಮನೆಮನೆಯ ಸ್ಥಿತಿಗತಿ ಚರ್ಚಿಸಿ ತೀರ್ಮಾನಿಸಿದರು. ರೇಷನ್ ಕಾರ್ಡಿಗಾಗಿ ಅಲೆದವರಿಗೆ ಇದರ ಬೆಲೆ ತಿಳಿದೀತು.

ಹೊಲದಲ್ಲಿ ಜೋಳವೊಂದೇ ಅಲ್ಲ. ಸಜ್ಜೆ, ನವಣೆ, ತೊಗರಿ ಎಲ್ಲವೂ ಒಟ್ಟಿಗೆ. ಬೀಜವೂ ಅವರವರ ಮನೆಯದೇ. ಆದುದರಿಂದ ಲಾರಿ ನಿಂತಾಗ ಅವರ ಒಲೆ ಆರಲಿಲ್ಲ. ನಮ್ಮಲ್ಲಾದರೋ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಅಡಿಕೆಯಿಂದ ಹಣ ಬರುತ್ತದೆ, ನಿಜ. ಬೇಯಿಸಿ ಗಂಜಿ ಮಾಡಲಾಗುವುದಿಲ್ಲ.

ಈ ಸೊಸೈಟಿಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಅಂದಹಾಗೆ, ಅಂಬಲಿಗೆ ತೆಲುಗಿನಲ್ಲೂ ಅಂಬಲಿಯೆಂದೇ ಹೆಸರು.