ಹೊಸ ಜಿಲ್ಲೆಯ ಐದು ತಾಲ್ಲೂಕುಗಳು: ಭೂ ಬಳಕೆ ಯೋಜನೆ ಮತ್ತು ವರ್ತಕರ ಹೊಣೆ

ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವನ್ನು ಬೇರ್ಪಡಿಸಿ 2021ರಲ್ಲಿ ರಚಿಸಲಾದ ವಿಜಯನಗರ ಜಿಲ್ಲೆಯು ರಾಜ್ಯದ 31ನೆಯ ಜಿಲ್ಲೆಯಾಗಿದೆ. ಹೊಸಪೇಟೆ ಅದರ ಆಡಳಿತ ಕೇಂದ್ರ. ಉಳಿದಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಈ ಜಿಲ್ಲೆಗೆ ಸೇರಿವೆ. ಜಿಲ್ಲಾ ಕಚೇರಿ ಹತ್ತಿರ ಬಂದಿತೆಂಬ ಸಂತೋಷ ಈ ಭಾಗದ ಜನರಿಗೆ ಸಹಜವಾದುದೇ. ಆದರೆ ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಯ ದೃಷ್ಟಿಯಿಂದ ನೋಡಿದಾಗ ಜಿಲ್ಲೆಯ ಗಡಿಗಿಂತ ಹೆಚ್ಚು ಮಹತ್ವದ ಇನ್ನೊಂದು ರೇಖೆಯಿದೆ. ಪಟ್ಟಣದ ಯಾವ ಸರ್ವೆ ನಂಬರು ವಾಸಕ್ಕೆ, ಯಾವುದು ವಾಣಿಜ್ಯಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಕೃಷಿಗೆ ಎಂಬುದನ್ನು ನಿರ್ಧರಿಸುವ ಭೂ ಬಳಕೆಯ ರೇಖೆಯೇ ಅದು.

ಜಿಲ್ಲೆಯ ಗಡಿಯನ್ನು ಸರ್ಕಾರ ನಿರ್ಧರಿಸುತ್ತದೆ. ಭೂ ಬಳಕೆಯ ರೇಖೆಯನ್ನು ಎಳೆಯುವಾಗಲಾದರೋ ವರ್ತಕನ ಮಾತನ್ನು ಆಲಿಸಬೇಕೆಂದು ಕಾನೂನೇ ವಿಧಿಸಿದೆ. ಆ ಅವಕಾಶವನ್ನು ಬಳಸಿಕೊಂಡ ಊರಿಗೂ ಕೈಬಿಟ್ಟ ಊರಿಗೂ ಮುಂದಿನ ಹತ್ತು ವರ್ಷಗಳ ವಹಿವಾಟಿನಲ್ಲಿ ಅಪಾರ ವ್ಯತ್ಯಾಸ ಉಂಟಾಗುತ್ತದೆ.

ಅನ್ಯರು ಬರೆದ ನಕ್ಷೆ

ಈ ಭಾಗದ ನಕ್ಷೆ ಹಲವು ಬಾರಿ ಬದಲಾಗಿದೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಈ ಪ್ರದೇಶವು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಲಾಯಿತು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ದೀರ್ಘ ಹೋರಾಟದ ನಂತರ, 2018ರ ನಿರ್ಧಾರದಂತೆ ಅದು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರಕ್ಕೆ ಸೇರಿತು. ಕಾಲು ಶತಮಾನದೊಳಗೆ ಒಂದೇ ತಾಲ್ಲೂಕು ಮೂರು ಬಾರಿ ಜಿಲ್ಲೆ ಬದಲಿಸಿದಂತಾಯಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲ್ಲೂಕಾದುದೂ ಕಳೆದ ದಶಕದಲ್ಲಿಯೇ.

ತುಂಗಭದ್ರಾ ಅಣೆಕಟ್ಟೆಯ ನಿರ್ಮಾಣ ಇನ್ನೂ ದೊಡ್ಡ ಬದಲಾವಣೆಯನ್ನು ತಂದಿತು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ಈ ಜಲಾಶಯದಲ್ಲಿ ಸುಮಾರು 90 ಗ್ರಾಮಗಳು ಮುಳುಗಿದವು. ನಾರಾಯಣದೇವರಕೆರೆಯ ಜನರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಒಂದು ಪೇಟೆ ಎದ್ದು ಹೋದರೆ ಅದರೊಡನೆ ಅಂಗಡಿ, ಗಿರಾಕಿ ಮತ್ತು ಉದ್ರಿಯ ನಂಬಿಕೆ ಎಲ್ಲವೂ ಸ್ಥಳ ಬದಲಿಸಬೇಕಾಗುತ್ತದೆ ಎಂಬುದನ್ನು ಈ ಭಾಗದ ವರ್ತಕ ಮನೆತನಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ರೈಲುಮಾರ್ಗದ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಬಂದ ಮಾರ್ಗವು ದಶಕಗಳ ಕಾಲ ಕೊಟ್ಟೂರಿನಲ್ಲಿಯೇ ಕೊನೆಗೊಳ್ಳುತ್ತಿತ್ತು. ಅದು ಹರಪನಹಳ್ಳಿಯ ಮೂಲಕ ಹರಿಹರವನ್ನು ತಲುಪಿ, ಹೊಸಪೇಟೆ–ಹರಿಹರ ನಡುವೆ ಪ್ರಯಾಣಿಕರ ರೈಲು ಸಂಚರಿಸಲು 2019ರವರೆಗೆ ಕಾಯಬೇಕಾಯಿತು. ಕೂಡ್ಲಿಗಿ ಮತ್ತು ಹೂವಿನಹಡಗಲಿ ಪಟ್ಟಣಗಳು ಈ ಮಾರ್ಗದಿಂದ ಹೊರಗೇ ಉಳಿದವು. ಸಂಪರ್ಕದ ರೇಖೆ ಎಲ್ಲಿ ಹಾಯುತ್ತದೆಯೋ ಅಲ್ಲಿ ಜಮೀನಿನ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ಬಡಾವಣೆಗಳು ಹುಟ್ಟುತ್ತವೆ. ಬಡಾವಣೆ ಹುಟ್ಟಿದ ಮೇಲೆ ಗೋದಾಮಿಗೆ ಜಾಗ ಹುಡುಕುವುದು ತಡವಾದ ಕೆಲಸ.

ಐದು ತಾಲ್ಲೂಕು, ಐದು ಬಗೆಯ ಅಗತ್ಯ

ಐದೂ ತಾಲ್ಲೂಕುಗಳಿಗೆ ಒಂದೇ ಅಳತೆಯ ಯೋಜನೆ ಹೊಂದುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಕೂಡ್ಲಿಗಿಯೂ ಹರಪನಹಳ್ಳಿಯೂ ಇದ್ದವು.

ಕೂಡ್ಲಿಗಿ ಮಳೆಯಾಶ್ರಿತ ಭೂಮಿಯ ತಾಲ್ಲೂಕು. ಚಿತ್ರದುರ್ಗ–ಹೊಸಪೇಟೆ ರಾಷ್ಟ್ರೀಯ ಹೆದ್ದಾರಿ ಅದರ ಮೂಲಕ ಹಾದುಹೋಗುವುದರಿಂದ ಹೆದ್ದಾರಿಯ ಬದಿಯ ಜಮೀನಿಗೆ ಬೇಡಿಕೆ ಸಹಜ. ಇದೇ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದ್ದು, ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಉದ್ದಿಮೆಗಳಿಗೆ ನಿರ್ಬಂಧಗಳಿವೆ. ಜೊತೆಗೆ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯೂ ಸೇರಿದಾಗ, ಕೆರೆಯ ಅಂಗಳ ಮತ್ತು ನೀರು ಬರುವ ಹಳ್ಳಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸುವುದು ಅನಿವಾರ್ಯ. ಹಳ್ಳದ ದಾರಿಯಲ್ಲಿ ನಿವೇಶನ ಕೊಂಡ ಉದ್ಯಮಿಗೆ ನಷ್ಟ ಎರಡು ಬಗೆಯದು: ಮೊದಲು ಹಣ, ಬಳಿಕ ಕಟ್ಟಡ.

ಕೊಟ್ಟೂರು ಮತ್ತು ಹರಪನಹಳ್ಳಿಗಳಲ್ಲಿ ಮೆಕ್ಕೆಜೋಳದ ವಹಿವಾಟಿಗೆ ಒಣಗಿಸುವ ಕಣ, ಗೋದಾಮು ಮತ್ತು ಲಾರಿ ನಿಲ್ದಾಣಗಳು ಬೇಕು. ಸುಗ್ಗಿಯ ಎರಡು–ಮೂರು ತಿಂಗಳಲ್ಲಿ ಇವುಗಳ ಅಗತ್ಯ ಹಲವು ಪಟ್ಟು ಹೆಚ್ಚುತ್ತದೆ. ಕೊಟ್ಟೂರಿನಲ್ಲಿ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಸೇರುವ ಜನಸ್ತೋಮಕ್ಕೂ ಬಯಲು ಬೇಕಾಗುತ್ತದೆ. ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೂವು ಕೆಲವೇ ಗಂಟೆಗಳ ಸರಕಾದುದರಿಂದ, ಊರಿನ ಅಂಚಿನ ಮಲ್ಲಿಗೆ ತೋಟಗಳು ನಿವೇಶನಗಳಾಗಿ ಮಾರ್ಪಟ್ಟರೆ ಆ ಮಾನ್ಯತೆ ಕಾಗದದಲ್ಲಿ ಮಾತ್ರ ಉಳಿದೀತು. ಹಗರಿಬೊಮ್ಮನಹಳ್ಳಿಯು ಒಂದೆಡೆ ಜಲಾಶಯದ ಹಿನ್ನೀರು, ಇನ್ನೊಂದೆಡೆ ಮಾಲವಿ ಜಲಾಶಯವನ್ನು ಹೊಂದಿರುವುದರಿಂದ, ಅಲ್ಲಿ ಪಟ್ಟಣ ಯಾವ ದಿಕ್ಕಿಗೆ ಬೆಳೆಯಬೇಕೆಂಬುದೇ ಮೊದಲ ಪ್ರಶ್ನೆ.

ಕಾನೂನಿನ ಚೌಕಟ್ಟು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅನ್ವಯ ಸರ್ಕಾರವು ಒಂದು ಪಟ್ಟಣವನ್ನೂ ಅದರ ಸುತ್ತಲಿನ ಗ್ರಾಮಗಳನ್ನೂ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸಬಹುದು. ಅದಕ್ಕೊಂದು ಯೋಜನಾ ಪ್ರಾಧಿಕಾರ ಇರುತ್ತದೆ. ಪ್ರಾಧಿಕಾರವು ಪ್ರಸಕ್ತ ಭೂ ಬಳಕೆಯ ಸಮೀಕ್ಷೆ ನಡೆಸಿ ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಅದಕ್ಕೆ ಅಂತಿಮ ಮಂಜೂರಾತಿ ದೊರೆಯುವ ಮೊದಲು ಕರಡನ್ನು ಪ್ರಕಟಿಸಬೇಕು. ಪ್ರಕಟವಾದ 60 ದಿನಗಳೊಳಗೆ ಯಾವುದೇ ನಾಗರಿಕನು ಲಿಖಿತವಾಗಿ ಸಲಹೆ ಅಥವಾ ಆಕ್ಷೇಪಣೆ ಸಲ್ಲಿಸಬಹುದು. ಯೋಜನೆ ಜಾರಿಯಾದ ನಂತರ ಹತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ನಡುವೆ ಒಂದು ಸರ್ವೆ ನಂಬರಿನ ಬಳಕೆಯನ್ನು ಬದಲಿಸಬೇಕಾದರೆ ಪ್ರತ್ಯೇಕ ಅರ್ಜಿ, ಸಾರ್ವಜನಿಕ ಪ್ರಕಟಣೆ, ಶುಲ್ಕ ಮತ್ತು ಸರ್ಕಾರದ ಒಪ್ಪಿಗೆ ಬೇಕಾಗುತ್ತವೆ. ಕರಡಿನ ಹಂತದಲ್ಲಿ ಒಂದು ಅರ್ಜಿಯಿಂದ ಆಗಬಹುದಾದ ಕೆಲಸಕ್ಕೆ ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವುದು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೆಯ ಕಲಮಿಗೆ ಒಳಪಟ್ಟಿದೆ. ಈ ಕಲಮಿಗೆ ಇತ್ತೀಚಿನ ವರ್ಷಗಳಲ್ಲಿ ಆದ ತಿದ್ದುಪಡಿಗಳ ಒಲವು ಒಂದೇ ದಿಕ್ಕಿನದು: ಮಹಾಯೋಜನೆಯಲ್ಲಿ ಯಾವ ಉದ್ದೇಶಕ್ಕೆ ಜಮೀನು ಗುರುತಾಗಿದೆಯೋ ಆ ಉದ್ದೇಶಕ್ಕೆ ಪರಿವರ್ತನೆಯನ್ನು ಸರಳಗೊಳಿಸುವುದು. ಇದರ ಅರ್ಥ ಸ್ಪಷ್ಟ. ಯೋಜನೆ ಇರುವ ಪಟ್ಟಣದಲ್ಲಿ ಕೈಗಾರಿಕಾ ವಲಯದ ಜಮೀನು ಹೊಂದಿದವನ ಕೆಲಸ ಹಗುರ. ಯೋಜನೆಯಿಲ್ಲದ ಕಡೆ ಪ್ರತಿಯೊಂದು ಕಡತವೂ ಪ್ರತ್ಯೇಕ ಪರಿಶೀಲನೆಗೆ ಒಳಗಾಗುತ್ತದೆ.

ಇದರೊಂದಿಗೆ 2020ರ ಬದಲಾವಣೆಯನ್ನೂ ಗಮನಿಸಬೇಕು. ಭೂ ಸುಧಾರಣಾ ಅಧಿನಿಯಮದ 79(ಎ) ಮತ್ತು 79(ಬಿ) ಕಲಮುಗಳನ್ನು ಆ ವರ್ಷ ಕೈಬಿಡಲಾಗಿದ್ದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಅವಕಾಶವಾಯಿತು. ಹೊರಗಿನ ಬಂಡವಾಳ ತಾಲ್ಲೂಕು ಪಟ್ಟಣಗಳ ಅಂಚಿಗೆ ಬರುವುದಕ್ಕೆ ಇದ್ದ ಒಂದು ತಡೆ ಇಲ್ಲವಾಯಿತು. ಹೀಗಿರುವಾಗ ಸ್ಥಳೀಯ ಸಣ್ಣ ಉದ್ದಿಮೆಗೆ ಜಾಗ ಕಾಯ್ದಿರಿಸುವ ಸಾಧನವಾಗಿ ಮಹಾಯೋಜನೆಯ ಮಹತ್ವ ಮೊದಲಿಗಿಂತ ಹೆಚ್ಚಿದೆ.

ವಿಳಂಬದ ಬೆಲೆ

ಯೋಜನೆಯ ಅಭಾವದ ಬೆಲೆಯನ್ನು ತೆರುವವರು ಯಾರು? ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ಶೇಂಗಾ ಎಣ್ಣೆ ಗಿರಣಿ ಹಾಕಲು ಒಬ್ಬ ಉದ್ಯಮಿ ಶೇಕಡಾ 12ರ ಬಡ್ಡಿಯಲ್ಲಿ 50 ಲಕ್ಷ ರೂಪಾಯಿ ಸಾಲ ಪಡೆದು ಜಮೀನು ಮತ್ತು ಯಂತ್ರಗಳ ಮೇಲೆ ಹೂಡಿದನೆಂದುಕೊಳ್ಳೋಣ. ತಿಂಗಳಿಗೆ ಬಡ್ಡಿಯೇ 50,000 ರೂಪಾಯಿ. ಭೂ ಪರಿವರ್ತನೆ, ಕಟ್ಟಡ ಪರವಾನಗಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಗಳು ಎಂಟು ತಿಂಗಳು ತಡವಾದರೆ ಒಂದು ಹನಿ ಎಣ್ಣೆ ತೆಗೆಯುವ ಮೊದಲೇ 4 ಲಕ್ಷ ರೂಪಾಯಿ ಕೈಬಿಟ್ಟಿರುತ್ತದೆ. ಒಂದು ಸುಗ್ಗಿಯೂ ತಪ್ಪಿರುತ್ತದೆ.

ಇನ್ನೊಂದು ಬಗೆಯ ನಷ್ಟ ನಿಧಾನವಾಗಿ ಬರುತ್ತದೆ. ಊರ ಹೊರಗೆ ಕಟ್ಟಿದ ಮಂಡಕ್ಕಿ ಭಟ್ಟಿ, ಹಿಟ್ಟಿನ ಗಿರಣಿ ಅಥವಾ ವೆಲ್ಡಿಂಗ್ ಶಾಪಿನ ಸುತ್ತ ಕಾಲಕ್ರಮದಲ್ಲಿ ಮನೆಗಳು ಏಳುತ್ತವೆ. ಹೊಗೆ, ಸದ್ದುಗಳ ಬಗ್ಗೆ ದೂರುಗಳು ಬರುತ್ತವೆ. ಮೊದಲು ಬಂದವನು ಉದ್ಯಮಿಯೇ ಆದರೂ, ಆ ಜಾಗ ನಕ್ಷೆಯಲ್ಲಿ ವಾಸದ ವಲಯವೆಂದು ಗುರುತಾಗಿದ್ದರೆ ಘಟಕವನ್ನು ವಿಸ್ತರಿಸಲು ಅನುಮತಿ ಪಡೆಯುವುದು ಕಷ್ಟ. ನಿವಾಸಿಗಳ ದೂರೂ ಅನ್ಯಾಯವಲ್ಲ. ಮಕ್ಕಳಿರುವ ಮನೆಯ ಕಿಟಕಿಗೆ ಹೊಗೆ ಬರಬಾರದು. ಇಬ್ಬರಿಗೂ ಪ್ರತ್ಯೇಕ ಸ್ಥಳ ತೋರಿಸದ ಯೋಜನೆಯ ಕೊರತೆಯೇ ಇಬ್ಬರನ್ನೂ ವ್ಯಾಜ್ಯಕ್ಕೆ ತಳ್ಳುತ್ತದೆ.

ಅನಧಿಕೃತ ಬಡಾವಣೆಗಳಲ್ಲಿ ಮಳಿಗೆ ಕೊಂಡವರ ಸ್ಥಿತಿಯೂ ಇದೇ. ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಇಂತಹ ಆಸ್ತಿಗಳಿಗೆ 2025ರಲ್ಲಿ ಬಿ-ಖಾತೆ ನೀಡುವ ವ್ಯವಸ್ಥೆ ಬಂದಿತು. ಅದು ಆಸ್ತಿಯನ್ನು ತೆರಿಗೆಯ ಲೆಕ್ಕಕ್ಕೆ ತರುತ್ತದೆಯೇ ಹೊರತು ಬಡಾವಣೆಯ ಅನುಮೋದನೆಗೆ ಸಮನಲ್ಲವೆಂಬುದನ್ನು ಕೊಳ್ಳುವವರು ನೆನಪಿಡಬೇಕು.

ಇಂಡೊನೇಷ್ಯಾದ ಅನುಭವ

ಹೊಸ ಆಡಳಿತ ಘಟಕಗಳು ಹುಟ್ಟಿ ಯೋಜನೆ ಹಿಂದೆ ಬೀಳುವುದು ಇಲ್ಲಿಯ ಸಮಸ್ಯೆ ಮಾತ್ರವಲ್ಲ. ಇಂಡೊನೇಷ್ಯಾದಲ್ಲಿ 2001ರಲ್ಲಿ ಅಧಿಕಾರ ವಿಕೇಂದ್ರೀಕರಣ ಜಾರಿಗೆ ಬಂದಿತು. ಅದರ ಆಸುಪಾಸಿನ ವರ್ಷಗಳಿಂದ ಆರಂಭಗೊಂಡು ಸುಮಾರು 300ರಷ್ಟಿದ್ದ ಜಿಲ್ಲೆ ಮತ್ತು ನಗರಾಡಳಿತಗಳ ಸಂಖ್ಯೆ 500ನ್ನು ಮೀರಿತು. ಪ್ರತಿ ಜಿಲ್ಲೆಯೂ 20 ವರ್ಷಗಳ ಭೂ ಬಳಕೆ ಯೋಜನೆಯನ್ನು ಹೊಂದಿರಬೇಕೆಂದು ಅಲ್ಲಿಯ 2007ರ ಕಾನೂನು ವಿಧಿಸಿತು. ಆದರೆ ರಸ್ತೆ, ಬೀದಿಗಳ ಮಟ್ಟದ ವಿವರವಾದ ನಕ್ಷೆಗಳನ್ನು ಸಿದ್ಧಪಡಿಸುವಲ್ಲಿ ಅನೇಕ ಜಿಲ್ಲೆಗಳು ಹಿಂದುಳಿದವು.

2020ರ ಉದ್ಯೋಗ ಸೃಷ್ಟಿ ಕಾನೂನಿನ ನಂತರ ಉದ್ದಿಮೆ ಪರವಾನಗಿಯನ್ನು ಅಲ್ಲಿ ಈ ವಿವರ ನಕ್ಷೆಗೆ ನೇರವಾಗಿ ಜೋಡಿಸಲಾಯಿತು. ನಕ್ಷೆ ಸಿದ್ಧವಿದ್ದು ಆನ್‌ಲೈನ್ ವ್ಯವಸ್ಥೆಗೆ ಸೇರಿದ ಕಡೆ ಸ್ಥಳದ ಅರ್ಹತೆ ಶೀಘ್ರ ದೃಢಪಡುತ್ತದೆ. ಇಲ್ಲದ ಕಡೆ ಪ್ರತ್ಯೇಕ ಪರಿಶೀಲನೆ ನಡೆಯಬೇಕು. ಒಂದೇ ದೇಶದ ಒಂದೇ ಕಾನೂನು ನಕ್ಷೆ ಹೊಂದಿದ ಊರಿನ ಉದ್ಯಮಿಗೆ ವರವಾಗಿಯೂ ಹೊಂದದವನಿಗೆ ಕಾಯುವ ಸಾಲಾಗಿಯೂ ಪರಿಣಮಿಸಿತು.

ಸಂಘ ಸಂಸ್ಥೆಗಳು ಮಾಡಬೇಕಾದುದು

ಐದೂ ಪಟ್ಟಣಗಳ ವರ್ತಕ ಸಂಘಗಳು ಕೈಗೊಳ್ಳಬಹುದಾದ ಕಾರ್ಯಗಳು ದುಬಾರಿಯಾದವಲ್ಲ.

ಮೊದಲನೆಯದಾಗಿ, ತಮ್ಮ ಘಟಕದ ಸರ್ವೆ ನಂಬರು ಯೋಜನಾ ಪ್ರದೇಶದೊಳಗೆ ಬರುವುದೇ, ಬಂದರೆ ಯಾವ ವಲಯದಲ್ಲಿದೆ ಎಂಬುದನ್ನು ಪ್ರತಿಯೊಬ್ಬ ಸದಸ್ಯನೂ ನಗರ ಯೋಜನೆ ಕಚೇರಿಯಿಂದ ಲಿಖಿತವಾಗಿ ಪಡೆಯಬೇಕು. ಎರಡನೆಯದಾಗಿ, ಪಟ್ಟಣದಲ್ಲಿರುವ ಗಿರಣಿ, ಭಟ್ಟಿ, ಗೋದಾಮು, ಗ್ಯಾರೇಜುಗಳ ಪಟ್ಟಿಯನ್ನು ಸ್ಥಾಪನೆಯ ವರ್ಷ, ಪರವಾನಗಿ ಮತ್ತು ವಿದ್ಯುತ್ ಬಿಲ್ಲುಗಳೊಂದಿಗೆ ಸಂಘವೇ ಸಿದ್ಧಪಡಿಸಿಡಬೇಕು. ಪ್ರಸಕ್ತ ಭೂ ಬಳಕೆಯ ಸಮೀಕ್ಷೆಯಲ್ಲಿ ದಾಖಲಾಗದ ಘಟಕವು ನಕ್ಷೆಯ ಪಾಲಿಗೆ ಇಲ್ಲದಂತೆಯೇ.

ಮೂರನೆಯದಾಗಿ, ಲಾರಿ ನಿಲ್ದಾಣ, ಸಗಟು ಮಾರುಕಟ್ಟೆ ಮತ್ತು ಸಣ್ಣ ಕೈಗಾರಿಕೆಗಳ ವಸಾಹತಿಗೆ ಎಲ್ಲಿ ಎಷ್ಟು ಎಕರೆ ಬೇಕೆಂಬ ಬೇಡಿಕೆಯನ್ನು ಕರಡು ಪ್ರಕಟವಾಗುವ ಮೊದಲೇ ಸಲ್ಲಿಸಬೇಕು. ಕರಡು ಬಂದ ಮೇಲೆ 60 ದಿನಗಳನ್ನು ಎಣಿಸಿ, ಸಾಮೂಹಿಕವಾಗಿಯೂ ವೈಯಕ್ತಿಕವಾಗಿಯೂ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯಬೇಕು. ನಾಲ್ಕನೆಯದಾಗಿ, ಕೆರೆ, ಹಳ್ಳ ಮತ್ತು ರಾಜಕಾಲುವೆಗಳ ರಕ್ಷಣೆಯನ್ನು ಈ ಬೇಡಿಕೆಯ ಭಾಗವಾಗಿಸಬೇಕು. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ನೀರಿಲ್ಲದ ಕೈಗಾರಿಕಾ ನಿವೇಶನಕ್ಕೆ ಬೆಲೆಯಿಲ್ಲ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯು 15 ಕೋಟಿ ರೂಪಾಯಿವರೆಗಿನ ಉದ್ದಿಮೆ ಪ್ರಸ್ತಾವನೆಗಳನ್ನು ಪರಿಶೀಲಿಸುತ್ತದೆ. ಸಂವಿಧಾನದ 74ನೆಯ ತಿದ್ದುಪಡಿಯ ಮೂಲಕ ಬಂದ ಜಿಲ್ಲಾ ಯೋಜನಾ ಸಮಿತಿಯು ಗ್ರಾಮ ಮತ್ತು ಪಟ್ಟಣಗಳ ಯೋಜನೆಗಳನ್ನು ಒಗ್ಗೂಡಿಸಬೇಕಾದ ವೇದಿಕೆ. ಹೊಸ ಜಿಲ್ಲೆಯಲ್ಲಿ ಸಹಜವಾಗಿಯೇ ಹೊಸಪೇಟೆಯ ಕಡೆಗೆ ಗಮನ ಹೆಚ್ಚು ಹರಿಯುತ್ತದೆ. ಐದು ಸಂಘಗಳು ಬೇರೆಬೇರೆಯಾಗಿ ಕೇಳುವ ಬದಲು ಒಂದೇ ಮನವಿಯೊಂದಿಗೆ ಈ ವೇದಿಕೆಗಳ ಮುಂದೆ ಹೋದರೆ ಅದಕ್ಕೆ ತೂಕ ಬರುತ್ತದೆ.

ಅಣೆಕಟ್ಟೆ, ರೈಲು, ಜಿಲ್ಲೆಯ ಗಡಿ ಇವೆಲ್ಲವೂ ಈ ಸೀಮೆಯ ವರ್ತಕರ ಪಾಲಿಗೆ ಮೇಲಿನಿಂದ ಬಂದ ತೀರ್ಮಾನಗಳು. ಭೂ ಬಳಕೆಯ ನಕ್ಷೆ ಹಾಗಲ್ಲ. ಅದು ಅಂತಿಮಗೊಳ್ಳುವ ಮೊದಲು ಜನರ ಮುಂದೆ ಬರುತ್ತದೆ. ಅಂದು ಮಂಡಿಸಬೇಕಾದ ದಾಖಲೆಗಳನ್ನು ಇಂದೇ ಜೋಡಿಸಿಡುವುದು ವಿವೇಕಯುತ ವ್ಯಾಪಾರದ ಲಕ್ಷಣ.