ದಶಸ್ಪರ್ಧೆಯ ವೀರ, ಶಸ್ತ್ರವೈದ್ಯ ವಾಲ್ಡೆ



ಆಟದಲ್ಲಿ ಮನಸ್ಸಿಟ್ಟವನಿಗೆ ವಿದ್ಯೆ ಹತ್ತದೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಮೂಲೆ ಸೇರುವುದು ಚೆಂಡು. ಈ ಮಾತು ಎಷ್ಟರಮಟ್ಟಿಗೆ ದಿಟವೆಂಬುದನ್ನು ಜರ್ಮನಿಯ ಹಾನ್ಸ್ ಯೋಆಖಿಮ್ ವಾಲ್ಡೆಯವರ ಜೀವನವನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ವಾಲ್ಡೆಯವರು 1942ರಲ್ಲಿ, ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ, ಸೈಲೀಸಿಯಾ ಪ್ರಾಂತದಲ್ಲಿ ಜನಿಸಿದರು. ಯುದ್ಧಾನಂತರ ಆ ಸೀಮೆಯ ಬಹುಭಾಗವು ಪೋಲೆಂಡಿಗೆ ಸೇರಿತು. ಅಲ್ಲಿದ್ದ ಜರ್ಮನರಲ್ಲಿ ಬಹುಮಂದಿ ಹುಟ್ಟಿದ ನೆಲವನ್ನು ತೊರೆಯಬೇಕಾಯಿತು. ಮುಂದೆ ವಾಲ್ಡೆಯವರು ಪಶ್ಚಿಮ ಜರ್ಮನಿಯ ಕ್ರೀಡಾಪಟುವಾಗಿ ಹೆಸರು ಪಡೆದರು.

ಅವರು ಆರಿಸಿಕೊಂಡದ್ದು ಡೆಕಾಥ್ಲಾನ್, ಎಂದರೆ ದಶಸ್ಪರ್ಧೆ. ಇದು ಎರಡು ದಿನಗಳ ಪಂದ್ಯ. ಮೊದಲ ದಿನ 100 ಮೀಟರ್ ಓಟ, ಉದ್ದ ನೆಗೆತ, ಗುಂಡೆಸೆತ, ಎತ್ತರ ನೆಗೆತ, 400 ಮೀಟರ್ ಓಟ. ಎರಡನೆಯ ದಿನ 110 ಮೀಟರ್ ಅಡೆತಡೆ ಓಟ, ಚಕ್ರ ಎಸೆತ, ಗಳು ಹಿಡಿದು ನೆಗೆತ, ಈಟಿ ಎಸೆತ, ಕಟ್ಟಕಡೆಗೆ 1500 ಮೀಟರ್ ಓಟ. ಪ್ರತಿಯೊಂದರ ವೇಗ, ದೂರ, ಎತ್ತರಗಳಿಗೆ ತಕ್ಕಂತೆ ಅಂಕಗಳು ದೊರೆಯುತ್ತವೆ. ಹತ್ತರ ಅಂಕಗಳನ್ನೂ ಕೂಡಿಸಿ ಜಯವನ್ನು ನಿರ್ಣಯಿಸುತ್ತಾರೆ. ಗುಂಡೆಸೆಯಲು ತೋಳ್ಬಲ ಬೇಕು, 1500 ಮೀಟರ್ ಓಡಲು ದಮ್ಮು ಬೇಕು. ಬಲ್ಲದ್ದನ್ನು ಮಾತ್ರ ಅಭ್ಯಸಿಸಿ ಬಾರದ್ದನ್ನು ಬಿಟ್ಟವನು ಇಲ್ಲಿ ನಿಲ್ಲಲಾರ. ಗಣಿತದಲ್ಲಿ ನೂರು ಪಡೆದು ಇತಿಹಾಸದಲ್ಲಿ ನಪಾಸಾದ ಬಾಲಕನ ಗತಿಯೇ ಅವನದೂ.

1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ವಾಲ್ಡೆಯವರು 7809 ಅಂಕಗಳೊಡನೆ ಮೂರನೆಯವರಾಗಿ ಕಂಚಿನ ಪದಕವನ್ನು ಪಡೆದರು. ಚಿನ್ನ ಗೆದ್ದ ವಿಲಿ ಹೋಲ್ಡಾರ್ಫರಿಗೆ 7887 ಅಂಕಗಳು. ಅಂತರ 78, ಹತ್ತು ಸ್ಪರ್ಧೆಗಳಿಗೆ ಹಂಚಿದರೆ ಒಂದೊಂದಕ್ಕೆ ಎಂಟು ಅಂಕವೂ ಇಲ್ಲ! 1968ರಲ್ಲಿ ಮೆಕ್ಸಿಕೋ ನಗರದಲ್ಲಿ ಅವರು 8111 ಅಂಕಗಳಿಗೇರಿ ಬೆಳ್ಳಿಯನ್ನು ಗಳಿಸಿದರು. ಅಮೆರಿಕದ ಬಿಲ್ ಟೂಮಿಯವರು 8193 ಅಂಕಗಳಿಂದ ಮೊದಲಿಗರಾದರು. 1971ರ ಐರೋಪ್ಯ ಸ್ಪರ್ಧೆಯಲ್ಲಿ ವಾಲ್ಡೆಯವರಿಗೆ ದೊರೆತದ್ದು ಕಂಚು.

ಒಲಿಂಪಿಕ್ಸಿನ ಚಿನ್ನ ಅವರಿಗೆ ದಕ್ಕಲಿಲ್ಲ. ಆದರೆ ಅವರ ಬಾಳು ಮೈದಾನದಲ್ಲಿಯೇ ಮುಗಿಯಲೂ ಇಲ್ಲ. ವೈದ್ಯವಿದ್ಯೆಯನ್ನು ಕಲಿತು ಅವರು ಶಸ್ತ್ರವೈದ್ಯರಾದರು. ಕ್ರೀಡಾಪಟುವಿನ ಕಾಲು ಮೂವತ್ತೈದರ ಹೊತ್ತಿಗೆ ಸೋಲತೊಡಗುತ್ತದೆ. ಶಸ್ತ್ರವೈದ್ಯನ ಕೈ ಪಳಗತೊಡಗುವುದೇ ಆ ವಯಸ್ಸಿನಲ್ಲಿ. ಒಂದು ಮುಗಿಯುವಲ್ಲಿ ಇನ್ನೊಂದು ಅವರನ್ನು ಕೈಹಿಡಿಯಿತು. 2013ರಲ್ಲಿ ಅವರು ತೀರಿಕೊಂಡರು.

ಗಂಟೆಗಟ್ಟಲೆ ನಿಂತು ಮಾಡುವ ಶಸ್ತ್ರಚಿಕಿತ್ಸೆಗೆ ದೃಢವಾದ ದೇಹವೂ ಕದಲದ ಚಿತ್ತವೂ ಅವಶ್ಯಕ. ಎರಡು ದಿನಗಳ ದಣಿವಿನ ಕೊನೆಗೆ 1500 ಮೀಟರ್ ಓಡುವವನಿಗೂ ಬೇಕಾದವು ಇವೇ ಅಲ್ಲವೇ?

ಈ ನಗರದಲ್ಲಿ ನಮಗೆ ಮೈದಾನವೂ ಕಿರಿದು, ಬಿಡುವೂ ಕಿರಿದು. ಆದರೂ ಓದು, ಆಟಗಳಲ್ಲಿ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಲಿಗೊಡಬೇಕಾಗಿಲ್ಲ. ಸಂಜೆಯ ಒಂದು ತಾಸು ಆಟಕ್ಕಿರಲಿ. ದೀಪ ಹಚ್ಚಿದ ಮೇಲೆ ಪುಸ್ತಕ ತೆರೆಯೋಣ. ಬಾರದ ವಿಷಯವನ್ನೇ ಮೊದಲು ಕೈಗೆತ್ತಿಕೊಳ್ಳೋಣ.