ರಕ್ತದ ಗುಳ್ಳೆಗೆ ಸೂಜಿ ಬೇಡ

ಬಾಗಿಲ ಸಂದಿಗೆ ಮಗುವಿನ ಬೆರಳು ಸಿಕ್ಕಿತು. ಅಳು ನಿಂತ ಮೇಲೆ ನೋಡಿದರೆ ಬೆರಳ ತುದಿಯಲ್ಲಿ ನೇರಳೆ ಹಣ್ಣಿನ ಬಣ್ಣದ ಗುಳ್ಳೆ. "ಕೆಟ್ಟ ರಕ್ತ, ಚುಚ್ಚಿ ತೆಗೆಯಿರಿ" ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅದು ಕೆಟ್ಟ ರಕ್ತವಲ್ಲ. ಮೇಲಿನ ಚರ್ಮ ಹರಿಯದೆ ಅಡಿಯ ಸಣ್ಣ ರಕ್ತನಾಳಗಳಷ್ಟೇ ಒಡೆದಾಗ ರಕ್ತ ಅಲ್ಲೇ ತುಂಬಿಕೊಳ್ಳುತ್ತದೆ. ಆ ಚರ್ಮಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ. ಚುಚ್ಚಿದರೆ ರೋಗಾಣುಗಳಿಗೆ ದಾರಿ ತೆರೆದಂತೆ.

ಬೆರಳಲ್ಲಿ ಉಂಗುರವಿದ್ದರೆ ಬಾವು ಏರುವ ಮೊದಲೇ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಇಡಿ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಅದು ಒಣಗಿ ಕಳಚುತ್ತದೆ. ತಾನಾಗಿ ಒಡೆದರೆ ಸಾಬೂನು ನೀರಿನಲ್ಲಿ ತೊಳೆದು, ಸಡಿಲ ಚರ್ಮವನ್ನು ಕೀಳದೆ, ಪೆಟ್ರೋಲಿಯಂ ಜೆಲ್ಲಿ ಸವರಿ ಶುಭ್ರವಾದ ಪಟ್ಟಿ ಕಟ್ಟಿ. ಸುಣ್ಣ, ಕಾಫಿಪುಡಿ, ಟೂತ್‌ಪೇಸ್ಟ್ ಹಚ್ಚಲೇಬೇಡಿ.

ವುಝೂ ಹೇಗೆ ಎಂಬ ಪ್ರಶ್ನೆ ಸಹಜ. ಒಡೆಯದ ಗುಳ್ಳೆಗೆ ನೀರಿನಿಂದ ತೊಂದರೆಯಿಲ್ಲ. ಉಜ್ಜದೆ ತೊಳೆದು, ಮೆಲ್ಲಗೆ ಒತ್ತಿ ಒರೆಸಿ. ರಕ್ತ ಹೊರಗೆ ಹರಿದರೆ ಹನಫೀಗಳಲ್ಲಿ ವುಝೂ ಮುರಿಯುತ್ತದೆ, ಶಾಫಿಈಗಳಲ್ಲಿ ಇಲ್ಲ. ಗುಳ್ಳೆಯೊಳಗೇ ಇರುವ ರಕ್ತಕ್ಕೆ ಆ ಚರ್ಚೆಯೇ ಇಲ್ಲ. ಪಟ್ಟಿ ಬಿಚ್ಚಿದರೆ ಹಾನಿಯಾಗುವಂತಿದ್ದರೆ ಅದರ ಮೇಲೆ ಒದ್ದೆ ಕೈ ಸವರಲು ಅವಕಾಶವಿದೆ. ವಿವರವನ್ನು ನಿಮ್ಮ ಇಮಾಮರಲ್ಲಿ ಕೇಳಿ.

ಹೆಚ್ಚು ಎಚ್ಚರ ಬೇಕಾದದ್ದು ಹಜ್ಜ್, ಉಮ್ರಾಕ್ಕೆ ಹೊರಟ ಹಿರಿಯರ ವಿಷಯದಲ್ಲಿ. ಸಈ ಒಂದರಲ್ಲೇ 3 ಕಿಲೋಮೀಟರಿಗೂ ಹೆಚ್ಚು ನಡಿಗೆ. ಇಹ್ರಾಮಿನಲ್ಲಿ ಪುರುಷರಿಗೆ ಕಾಲುಚೀಲವೂ ಇಲ್ಲ. ಹೊರಡುವ ಹಿಂದಿನ ದಿನ ಕೊಂಡ ಹೊಸ ಚಪ್ಪಲಿ ಹಿಮ್ಮಡಿ, ಬೆರಳುಗಳನ್ನು ಉಜ್ಜಿ ಗುಳ್ಳೆ ಎಬ್ಬಿಸುತ್ತದೆ. ಎರಡು ಮೂರು ವಾರ ಮೊದಲೇ ಕೊಂಡು ಮನೆಯಲ್ಲಿ ಹಾಕಿ ಅಭ್ಯಾಸ ಮಾಡಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ನೋವೇ ಗೊತ್ತಾಗುವುದಿಲ್ಲ. "ನನಗೇನೂ ಆಗಿಲ್ಲ" ಎಂದು ಅಬ್ಬಾ ಹೇಳಿದರೂ ದಿನಾ ರಾತ್ರಿ ಅವರ ಅಂಗಾಲನ್ನು ನೀವೇ ನೋಡಿ. ಅವರಲ್ಲಿ ಚಿಕ್ಕ ಗುಳ್ಳೆಯೂ ಹುಣ್ಣಾಗಬಹುದು. ಕಂಡ ದಿನವೇ ವೈದ್ಯರಿಗೆ ತೋರಿಸಿ.

ಕೀವು, ಹರಡುವ ಕೆಂಪು, ಜ್ವರವಿದ್ದರೆ, ಬೆರಳು ಮಡಚಲು ಆಗದಿದ್ದರೆ ಯಾರೇ ಆಗಲಿ ತಡ ಮಾಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ತಿಳಿಸಬೇಕು. ಪೆಟ್ಟೇ ಬೀಳದೆ ಬಾಯೊಳಗೆ ಅಥವಾ ಮೈಯ ಹಲವೆಡೆ ಇಂಥ ಗುಳ್ಳೆ ಎದ್ದರೆ ಪ್ಲೇಟ್‌ಲೆಟ್ ಕುಸಿದಿರಬಹುದು. ಆಗ ಐಸ್ ಹುಡುಕುತ್ತಾ ಕೂರದೆ, ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.